ಬಂಬೈ ಮಾತು ಆಡುವ ಮುಂಚೆ

ಚಿ. ಮಲ್ಲಿಕಾರ್ಜುನನಿಗೆ ಡೊಂಬಿವಲಿಯಿಂದ ನಿನ್ನ ಕಾಕಾ ಮಾಡುವ ಆಶೀರ್ವಾದ.

ನೀನು ಅಂಧೇರಿಯಲ್ಲಿ ನೌಕರಿಗೆ ಹತ್ತಿದ್ದು, ಮೊದಲ ಪಗಾರ ಕೈಗೆ ಬಂದದ್ದು ಎಲ್ಲಾ ಅಣ್ಣ ಹೇಳಿದ. ಬಂಬೈ ಭಾಷೆಯೂ ಲಗೂನೇ ಬಾಯಿಗೆ ಹತ್ತಿದೆ ಅಂತ ನಿನ್ನ ಫೋನಿನಲ್ಲೇ ತಿಳೀತು. ಅದಕ್ಕೆ ನನ್ನ ತಕರಾರಿಲ್ಲ. ಬಿಂದಾಸ್ ಅನ್ನು, ಮರಾಠಿಯ ‘ಬಿನಧಾಸ್ತ’ ಅದು, ಅಂಜಿಕೆ ಇಲ್ಲದ್ದು. ಗೆಳೆಯರಿಗೆ ಭಿಡೂ ಅನ್ನು. ಆಟದಲ್ಲಿ ನಮ್ಮ ಪಾಳಿಯವನಿಗೆ ಮರಾಠಿ ಹುಡುಗರು ಹಾಗೇ ಕರೀತಾರೆ. ಇವುಗಳಿಂದ ಯಾರಿಗೂ ಏನೂ ತಟ್ಟುವುದಿಲ್ಲ.

ಆದರೆ ವಾಚ್‌ಮನ್‌ನನ್ನು ನೀನು ನಕ್ಕೋತ ‘ಘಾಟಿ’ ಅಂದೆಯಲ್ಲ, ಅದು ನನಗೆ ಹಿಡಿಸಲಿಲ್ಲ. ಘಾಟ ಅಂದರೆ ಸಹ್ಯಾದ್ರಿ. ಸಾತಾರಾ, ಸಾಂಗಲಿ ಕಡೆಯಿಂದ ಘಾಟ ಇಳಿದು ಬಂದು, ಗಿರಣಿಯಲ್ಲಿ, ಮಸ್ಜಿದ್ ಬಂದರಿನ ಗೋದಾಮುಗಳಲ್ಲಿ ದುಡಿದವರಿಗೆ ಬಂಬೈ ಮಂದಿ ಇಟ್ಟ ಹೆಸರು. ತಲೆಯ ಮೇಲೆ ಮೂಟೆ ಹೊರುವ ಆ ಮಾಥಾಡಿಗಳಿಗೆ ಕಾಯ್ದೆಯ ಆಸರೆ ಸಿಕ್ಕಿದ್ದು 1969ರಲ್ಲಿ. ಈಗ ಆ ಮಾತು ಹಳ್ಳಿಗ, ಗಾವಿಲ ಅನ್ನುವ ಬೈಗುಳ. ಅಲ್ಲಪ್ಪಾ, ಗದಗಿನಿಂದ ಬಂದ ನಾವೇನು ಸಮುದ್ರದಿಂದ ಎದ್ದು ಬಂದೆವೇನು? ನಾವೂ ಘಾಟ ಇಳಿದೇ ಬಂದವರು.

ಇನ್ನು ‘ಶಾಣಾ’. ಊರಲ್ಲಿ ‘ಶಾಣ್ಯಾ ಹುಡುಗ’ ಅಂದರೆ ನಿಮ್ಮವ್ವನ ಮುಖ ಅರಳುತ್ತದೆ. ಮರಾಠಿ ಮನೆಗಳಲ್ಲೂ ‘ಶಹಾಣಾ’ ಹೊಗಳಿಕೆಯೇ. ಬಂಬೈ ಬೀದಿಯಲ್ಲಿ ಮಾತ್ರ ಅದು ಉಲ್ಟಾ, ಅತಿ ಜಾಣತನ ತೋರಿಸುವವನಿಗೆ ಚುಚ್ಚುವ ಮಾತು. ಲೋಕಲ್‌ನಲ್ಲಿ ಮೂರು ಮಂದಿಯ ಬೆಂಚಿನ ಮೇಲೆ ನಾಲ್ಕನೆಯವನಾಗಿ ಅರ್ಧ ಕುಂಡಿ ಊರಿ ಕೂತವ, ‘ಥೋಡಾ ಸರಕೋ’, ಸ್ವಲ್ಪ ಸರಿ, ಅಂತಾನೆ. ಕಿಟಕಿ ಕಡೆಯವ ಮೊಬೈಲಿನಿಂದ ಕಣ್ಣು ಎತ್ತದೇ ‘ಜ್ಯಾದಾ ಶಾಣಾ ಮತ್ ಬನ್’ ಅಂತಾನೆ. ಕುರ್ಲಾ ಬರುವುದರೊಳಗೆ ಇಬ್ಬರ ಕೊರಳಪಟ್ಟಿಗೂ ಕೈ ಬಿದ್ದಿರುತ್ತದೆ. ಅದಕ್ಕಿಂತ ಮೇಲಿನದು ‘ದೀಡ್ ಶಹಾಣಾ’, ಒಂದೂವರೆ ಪಟ್ಟು ಶಾಣ್ಯಾ! ನಿನ್ನ ಮ್ಯಾನೇಜರ್ ಬಂಬೈಯವ ಅಂತೀ. ಅವರ ಮುಂದೆ ನಮ್ಮ ಕಡೆಯ ಪ್ರೀತಿಯಿಂದ ಯಾರಿಗಾದರೂ ‘ಶಾಣಾ’ ಅಂದುಬಿಟ್ಟೀಯ, ಜೋಕೆ. ರಾಡಾ ಆಗುತ್ತದೆ. ನಮ್ಮಲ್ಲಿ ರಾಡಿ ಅಂದರೆ ಕೆಸರು, ಇಲ್ಲಿ ರಾಡಾ ಅಂದರೆ ಹೊಡೆದಾಟ. ಎರಡರಲ್ಲೂ ಅಂಗಿ ಹಾಳು.

ಗೂಂಡಾಗಳ ಲೆಕ್ಕದಲ್ಲಿ ಪೇಟಿ ಅಂದರೆ ಲಕ್ಷ, ಖೋಖಾ ಅಂದರೆ ಕೋಟಿ. ಕೇಳಿ ಇಟ್ಟುಕೋ, ಸಾಕು. ಬ್ಯಾಂಕಿನ ಕೆಲಸದವನ ಬಾಯಲ್ಲಿ ಅವು ಚಂದ ಕಾಣುವುದಿಲ್ಲ.

‘ಸುಪಾರಿ’ ಕೇಳಿ ನೀನು ಬೆಚ್ಚಿದ್ದು ಹೇಳಿದೆ. ಪೇಪರಿನಲ್ಲಿ ಅದು ಬರೀ ಕೊಲೆಯ ಸುದ್ದಿಗೆ ಬರುತ್ತದೆ, ಖರೆ. ಆದರೆ ಲಗ್ನಕ್ಕೆ ಬ್ಯಾಂಡಿನವನನ್ನು ಗೊತ್ತು ಮಾಡಿದರೂ ಇಲ್ಲಿ ಅವನು ‘ಸುಪಾರಿ’ ತಗೊಂಡ ಅಂತಾರೆ. ಅಡಿಕೆ-ಎಲೆ ಹಿಡಿದವ ಕೆಲಸ ಒಪ್ಪಿಕೊಂಡಂತೆ ಅನ್ನುವ ರೂಢಿ ನಮ್ಮಲ್ಲೂ ಹಳೆಯದು. ಯುದ್ಧಕ್ಕೆ ರಣವೀಳ್ಯ ಕೊಡುತ್ತಿರಲಿಲ್ಲವೇ? ಬಾಜೂ ಮನೆಯ ಆಜಿ ‘ಸುಪಾರಿ ಫುಟಲಿ’ ಅಂದರೆ ಓಡಬೇಡ. ಮೊಮ್ಮಗಳ ಲಗ್ನ ಗಟ್ಟಿಯಾಗಿದೆ, ಪೇಢೆ ಕೊಡಲು ಬಂದಿದ್ದಾಳೆ.

ಅರ್ಥ ತಿಳಿಯದ ಮಾತು ಕೇಳಿದರೆ ಬರೆದಿಟ್ಟುಕೋ, ನನ್ನನ್ನು ಕೇಳು. ಕೇಳುವ ತನಕ ಆಡಬೇಡ. ವಾಚ್‌ಮನ್‌ಗೆ ನಾಳೆಯಿಂದ ‘ದಾದಾ’ ಅನ್ನು, ಮರಾಠಿಯಲ್ಲಿ ಅಣ್ಣ ಅಂತ.

ರವಿವಾರ ಊಟಕ್ಕೆ ಬಾ, ನಿನ್ನ ಕಾಕು ಜೋಳದ ರೊಟ್ಟಿ ಬಡಿಯುತ್ತಾಳೆ. ಹಳಿ ದುರಸ್ತಿಗೆ ಲೋಕಲ್ ನಿಲ್ಲಿಸುವ ಮೆಗಾಬ್ಲಾಕ್ ಇದೆಯೋ ಏನೋ ನೋಡಿಕೊಂಡು ಹೊರಡು.

ಇತಿ ನಿನ್ನ ಕಾಕಾ