ಟ್ಯಾಪ್ ಮಾಡೋಕೆ ಹಳೆ ಇಂಜಿನ್ ಆಯಿಲ್ ಬೇಡ

ಮಾನ್ಯ ಸಂಪಾದಕರೇ,

ಹೋದ ಬೇಸಿಗೆಯಲ್ಲಿ ಒಬ್ಬ ಹುಡುಗ ನಮ್ಮ ಶೆಡ್ಡಿಗೆ ಬಂದ. ಕೈಯಲ್ಲಿ ಕಬ್ಬಿನ ಹಾಲಿನ ಮೆಷಿನ್ನಿನ ಒಂದು ಸ್ಟೇನ್‌ಲೆಸ್ ಸ್ಟೀಲ್ ಪ್ಲೇಟು. ತೂತಿನೊಳಗೆ 8 ಎಂ.ಎಂ. ಟ್ಯಾಪ್ ಮುರಿದು ಕೂತಿತ್ತು. ಟ್ಯಾಪ್ ಅಂದರೆ ಬೋಲ್ಟು ಕೂರಲು ತೂತಿನ ಒಳಗೋಡೆಯಲ್ಲಿ ಸುರುಳಿ ಗೀರು, ಅಂದರೆ ಥ್ರೆಡ್, ಕತ್ತರಿಸುವ ಉಪಕರಣ. 'ಎಣ್ಣೆ ಬಿಟ್ಟಿದ್ದೆ ಅಣ್ಣ, ಆದ್ರೂ ಮುರೀತು' ಅಂದ. ಯಾವ ಎಣ್ಣೆ ಅಂತ ಕೇಳಿದೆ. ಬೈಕ್ ಗ್ಯಾರೇಜಿನವರು ಸುಮ್ನೆ ಕೊಟ್ಟ ಹಳೆ ಇಂಜಿನ್ ಆಯಿಲ್. ಅವನ ಕೈ ನೋಡಿದೆ. ಮಣಿಕಟ್ಟಿನಿಂದ ಮೊಣಕೈವರೆಗೆ ಕಪ್ಪು ತಲೆಯ ಸಣ್ಣ ಸಣ್ಣ ಗುಳ್ಳೆಗಳು. ಆ ಗುಳ್ಳೆಗಳನ್ನು ನೋಡಿದ ಮೇಲೆ ಈ ಪತ್ರ ಬರೆಯಬೇಕು ಅನ್ನಿಸಿತು.

ನಾನು ಮಂಡ್ಯದ ಗುತ್ತಲು ಕಡೆ ಮನೆ ಹಿಂದೆ ಒಂದು ಲೇತು, ಒಂದು ಡ್ರಿಲ್ಲಿಂಗ್ ಮೆಷಿನ್ ಇಟ್ಟುಕೊಂಡಿದ್ದೇನೆ. ಆಲೆಮನೆ ಗಾಣದ ರಿಪೇರಿ, ಪಂಪ್‌ಸೆಟ್ಟು, ಟ್ರ್ಯಾಕ್ಟರ್ ಕೆಲಸ. 26 ವರ್ಷ ಆಯಿತು. ಮೊದಲ ಏಳೆಂಟು ವರ್ಷ ನಾನೂ ಆ ಕಪ್ಪು ಎಣ್ಣೆಯನ್ನೇ ಹಾಕುತ್ತಿದ್ದೆ. ದುಡ್ಡು ಕೊಡಬೇಕಾಗಿಲ್ಲ, ಹೇಳಿಕೊಟ್ಟವರೂ ಇರಲಿಲ್ಲ.

ಟ್ಯಾಪ್ ಮಾಡುವ ಕೆಲಸವೇ ಬೇರೆ. ಲೇತಿನಲ್ಲಿ ಕತ್ತರಿಸುವ ಲೋಹದ ತುಂಡು ಜೋರಾಗಿ ತಿರುಗುತ್ತದೆ, ಬಿಸಿ ಏರುತ್ತದೆ, ನೀರಿಗೆ ಬೆರೆಸಿದ ಹಾಲಿನಂಥ ಕೂಲೆಂಟ್ ಆ ಬಿಸಿ ಇಳಿಸುತ್ತದೆ. ಕೈಯಲ್ಲಿ ಟ್ಯಾಪ್ ತಿರುಗಿಸುವಾಗ ಬಿಸಿಯ ತೊಂದರೆ ಅಷ್ಟಿಲ್ಲ. ಅಲ್ಲಿ ಇರುವುದು ಒತ್ತಡ. ಟ್ಯಾಪಿನ ಹಲ್ಲು ತೂತಿನೊಳಗೆ ಎಲ್ಲ ಕಡೆಯಿಂದ ಬಿಗಿಯಾಗಿ ಕೂತಿರುತ್ತದೆ. ಆ ಒತ್ತಡಕ್ಕೆ ಸಾಧಾರಣ ಎಣ್ಣೆಯ ಪದರ ನಿಲ್ಲುವುದಿಲ್ಲ. ಪದರ ಹರಿದರೆ ಲೋಹಕ್ಕೆ ಲೋಹ ಅಂಟುತ್ತದೆ, ಟ್ಯಾಪ್ ಕಿರ್‌ ಅನ್ನುತ್ತದೆ, ಆಮೇಲೆ ಟಕ್ ಅಂತ ಮುರಿಯುತ್ತದೆ. ಟ್ಯಾಪಿಂಗ್ ಆಯಿಲ್ ಅಂತ ಮಾರುವ ಎಣ್ಣೆಗಳಲ್ಲಿ ಸಾಮಾನ್ಯವಾಗಿ ಗಂಧಕದಂಥ ವಸ್ತು ಸೇರಿಸಿರುತ್ತಾರೆ. ಹಲ್ಲಿನ ತುದಿಯಲ್ಲಿ ಉಜ್ಜಿ ಬಿಸಿಯಾದ ಜಾಗದಲ್ಲಿ ಅದು ಕಬ್ಬಿಣದ ಜೊತೆ ಸೇರಿ ಜಾರುವ ಪದರ ಕಟ್ಟುತ್ತದೆ. ಇಂಜಿನ್ ಆಯಿಲ್ ಮಾಡಿರುವುದು ಇಂಜಿನ್ ಸವೆಯದಿರಲಿ ಅಂತ. ಲೋಹ ಕತ್ತರಿಸುವ ಕೆಲಸಕ್ಕೆ ಅಲ್ಲ.

ಆ ಹುಡುಗನದು ಎಣ್ಣೆಯ ತಪ್ಪು ಮಾತ್ರ ಆಗಿರಲಿಲ್ಲ, ಅದನ್ನೂ ಹೇಳಬೇಕು. 8 ಎಂ.ಎಂ. ಟ್ಯಾಪಿಗೆ ಮೊದಲು 6.8 ಎಂ.ಎಂ. ಡ್ರಿಲ್‌ನಲ್ಲಿ ತೂತು ಹಾಕಬೇಕು. ಅವನ ಹತ್ತಿರ ಇದ್ದ ಸೆಟ್ಟಿನಲ್ಲಿ ಅರ್ಧರ್ಧ ಎಂ.ಎಂ. ಲೆಕ್ಕದ ಡ್ರಿಲ್‌ಗಳು, ಹಾಗಾಗಿ 6.5 ಹಾಕಿದ್ದ. ಸ್ಟೇನ್‌ಲೆಸ್‌ಗೆ ನಾನು 7 ಹಾಕುತ್ತೇನೆ. ಥ್ರೆಡ್ ಸ್ವಲ್ಪ ತೆಳುವಾಗುತ್ತದೆ, ಆದರೆ ಇಂಥ ಪ್ಲೇಟಿಗೆ ಧಾರಾಳ ಸಾಕು. ಸ್ಟೇನ್‌ಲೆಸ್‌ಗೆ ಇನ್ನೊಂದು ಗುಣ ಇದೆ. ಟ್ಯಾಪ್ ಕತ್ತರಿಸದೆ ಸುಮ್ಮನೆ ಉಜ್ಜುತ್ತಿದ್ದರೆ ಆ ಜಾಗ ಗಟ್ಟಿಯಾಗುತ್ತಾ ಹೋಗುತ್ತದೆ. ಮೊಂಡಾದ ಟ್ಯಾಪು, ಬಿಗಿ ತೂತು, ನಿಲ್ಲದ ಎಣ್ಣೆ, ಮೂರೂ ಒಟ್ಟಿಗೆ ಸೇರಿದರೆ ಇನ್ನೇನಾಗುತ್ತದೆ? ಕೊನೆಗೆ ಪ್ಲೇಟನ್ನು ಮೈಸೂರಿನ ಹೆಬ್ಬಾಳಕ್ಕೆ ಒಯ್ದು ಕರೆಂಟಿನ ಕಿಡಿಯಿಂದ ಲೋಹ ಸವೆಸುವ ಸ್ಪಾರ್ಕ್ ಮೆಷಿನ್ನಿನಲ್ಲಿ ಆ ತುಂಡು ತೆಗೆಸಿದೆವು.

ಅದು ಜನ ಕುಡಿಯುವ ಕಬ್ಬಿನ ಹಾಲಿನ ಮೆಷಿನ್ನು ಬೇರೆ. ಅದಕ್ಕೆ ನಾನು ಗಂಧಕದ ಎಣ್ಣೆಯನ್ನೂ ಹಾಕುವುದಿಲ್ಲ. ಹರಳೆಣ್ಣೆ ಹಾಕುತ್ತೇನೆ. ಮಂದವಾಗಿದೆ, ಹಲ್ಲಿಗೆ ಹಿಡಿದುಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಬಿಸಿನೀರು, ಸೋಪು ಹಾಕಿ ಉಜ್ಜಿ ತೊಳೆಯುತ್ತೇನೆ. ಕೊಬ್ಬರಿ ಎಣ್ಣೆಯೂ ನಡೆಯುತ್ತದೆ. ಡಿಸೆಂಬರ್ ಬೆಳಿಗ್ಗೆ ಅದು ಗಟ್ಟಿಯಾಗಿರುತ್ತದೆ, ಆಗ ಟ್ಯಾಪಿನ ಹಲ್ಲಿಗೆ ಬೆಣ್ಣೆ ಹಾಗೆ ಮೆತ್ತಿದರೆ ಆಯಿತು. ನಮ್ಮ ತಂದೆ ಹೊಂಗೆ ಎಣ್ಣೆ ಹಾಕುತ್ತಿದ್ದರು. ಕೆಲಸ ಮಾಡುತ್ತದೆ, ಆದರೆ ಒರೆಸದೆ ಬಿಟ್ಟರೆ ಟ್ಯಾಪ್ ಮೇಲೆ ಅಂಟಾಗಿ ಒಣಗುತ್ತದೆ.

ಬೇರೆ ಲೋಹಕ್ಕೆ ಬೇರೆ ಲೆಕ್ಕ. ಬೀಡು ಕಬ್ಬಿಣಕ್ಕೆ ಎಣ್ಣೆಯೇ ಬೇಡ. ಅದರೊಳಗೆ ಗ್ರಾಫೈಟ್ ಇರುತ್ತದೆ, ಅದೇ ಜಾರಿಸುತ್ತದೆ. ಎಣ್ಣೆ ಬಿಟ್ಟರೆ ಪುಡಿಯೆಲ್ಲ ಕೆಸರಾಗಿ ಟ್ಯಾಪಿನ ಉದ್ದಕ್ಕೂ ಇರುವ ಸಂದುಗಳಲ್ಲಿ ತುಂಬಿಕೊಳ್ಳುತ್ತದೆ. ಹಿತ್ತಾಳೆಗೆ ಗಂಧಕದ ಎಣ್ಣೆ ಬಿಟ್ಟರೆ ಕಪ್ಪು ಕಲೆ ಬೀಳಬಹುದು. ಎಣ್ಣೆ ಇಲ್ಲದೆಯೂ ಹಿತ್ತಾಳೆಯನ್ನು ಚೆನ್ನಾಗಿಯೇ ಕತ್ತರಿಸಬಹುದು. ಅಲ್ಯೂಮಿನಿಯಂ ಟ್ಯಾಪಿಗೆ ಅಂಟಿಕೊಳ್ಳುವ ಲೋಹ, ಅದಕ್ಕೆ ಹಿಂದಿನಿಂದಲೂ ಸೀಮೆಎಣ್ಣೆ. ಈಗ ಸೀಮೆಎಣ್ಣೆ ಸಿಗುವುದೇ ಕಷ್ಟ, ಕೊಬ್ಬರಿ ಎಣ್ಣೆಯಲ್ಲೇ ಮಾಡುತ್ತೇನೆ.

ಇಷ್ಟು ಕೆಲಸದ ಮಾತು. ನನಗೆ ಜಾಸ್ತಿ ಚಿಂತೆ ಇರುವುದು ಚರ್ಮದ್ದು. ಸರಿಯಾಗಿ ಶುದ್ಧ ಮಾಡದ ಖನಿಜ ಎಣ್ಣೆಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಅಂಥದೇ ಕೆಟ್ಟ ಅಂಶಗಳು ಇಂಜಿನ್ ಓಡಿದಷ್ಟೂ ಅದರ ಎಣ್ಣೆಯಲ್ಲಿ ಸೇರುತ್ತಾ ಹೋಗುತ್ತವೆ. ಜೊತೆಗೆ ಮಸಿ, ಸವೆದ ಲೋಹದ ಪುಡಿ. ಹುಡುಗರು ಅದರಲ್ಲಿ ದಿನವಿಡೀ ಕೈ ಅದ್ದುತ್ತಾರೆ, ಎಣ್ಣೆ ಬಟ್ಟೆಯನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ, ಅದು ಅನುಮತಿ ಪಡೆದ ಮರುಬಳಕೆ ಘಟಕಕ್ಕೆ ಹೋಗಬೇಕು. ಹಾಗಾಗಿ ಗ್ಯಾರೇಜಿನ ಗೆಳೆಯರೇ, ದಯವಿಟ್ಟು ಲೇತ್ ಅಂಗಡಿಗೆ ಡಬ್ಬಿ ತುಂಬಿಸಿ ಕೊಡಬೇಡಿ.

ಹಾರ್ಡ್‌ವೇರ್ ಅಂಗಡಿಯವರಲ್ಲಿ ಒಂದು ಕೋರಿಕೆ. ಟ್ಯಾಪಿಂಗ್ ಆಯಿಲ್ ಕೇಳಿದರೆ 5 ಲೀಟರ್ ಕ್ಯಾನ್ ತೋರಿಸುತ್ತೀರಿ. ಮನೆ ಶೆಡ್ಡಿನಲ್ಲಿ ಕೆಲಸ ಮಾಡುವವನಿಗೆ 100 ಮಿಲಿ ಬಾಟಲಿ ತಿಂಗಳುಗಟ್ಟಲೆ ಬರುತ್ತದೆ. ಸಣ್ಣ ಬಾಟಲಿ ತರಿಸಿ ಇಡಿ. ತಯಾರಿಸುವವರು ಯಾವ ಲೋಹಕ್ಕೆ ಹಾಕಬೇಕು, ಯಾವುದಕ್ಕೆ ಬೇಡ, ಕೈಗೆ ಬಿದ್ದರೆ ಏನು ಮಾಡಬೇಕು ಅಂತ ಕನ್ನಡದಲ್ಲಿ ಅಚ್ಚು ಹಾಕಲಿ.

ಐಟಿಐ ಮೇಷ್ಟ್ರುಗಳಲ್ಲೂ ಕೇಳಿಕೊಳ್ಳುತ್ತೇನೆ. ಒಂದೇ ಕಬ್ಬಿಣದ ಪಟ್ಟಿಯಲ್ಲಿ ಮೂರು ತೂತು ಹಾಕಿಸಿ. ಒಂದನ್ನು ಏನೂ ಹಾಕದೆ, ಒಂದನ್ನು ಕೂಲೆಂಟ್ ಹಾಕಿ, ಒಂದನ್ನು ಟ್ಯಾಪಿಂಗ್ ಆಯಿಲ್ ಹಾಕಿ ಟ್ಯಾಪ್ ಮಾಡಿಸಿ. ಹ್ಯಾಂಡಲ್ ಹಿಡಿದ ಕೈಗೇ ವ್ಯತ್ಯಾಸ ಗೊತ್ತಾಗುತ್ತದೆ. ಜಿಲ್ಲೆಯ ಯಾವ ಐಟಿಐನವರು ಕರೆದರೂ ನಾನೇ ಪಟ್ಟಿ, ಟ್ಯಾಪು, ಎಣ್ಣೆ ತಂದು ಮಾಡಿ ತೋರಿಸುತ್ತೇನೆ. ಭಾನುವಾರ ಆದರೂ ಸರಿ.

ಒಬ್ಬ ಲೇತ್ ಕೆಲಸಗಾರ, ಮಂಡ್ಯ