ಏಪ್ರಿಲ್ 1ರಿಂದ ಅವರವರ ಖಾತೆಯಲ್ಲಿಯೇ ಆಟ: ಗ್ರಾಹಕರಿಗೂ ಪಾಲಕರಿಗೂ ಪತ್ರ

ಮಾನ್ಯ ಗ್ರಾಹಕರಿಗೆ ಮತ್ತು ಪಾಲಕರಿಗೆ ನಮಸ್ಕಾರಗಳು.

ನಮ್ಮ ಗೇಮ್ ಅಂಗಡಿಯ ಪ್ಲೇಸ್ಟೇಷನ್ 4 ಯಂತ್ರಗಳಲ್ಲಿ ಇಲ್ಲಿಯವರೆಗೆ ಎಲ್ಲರೂ ಅಂಗಡಿಯ ಒಂದೇ ಖಾತೆಯಲ್ಲಿ ಆಡುತ್ತಿದ್ದಿರಿ. ಏಪ್ರಿಲ್ 1ರಿಂದ, ತಿಂಗಳ ಕಾರ್ಡ್ ಮಾಡಿಸಿದ ಪ್ರತಿಯೊಬ್ಬರೂ ತಮ್ಮ ಹೆಸರಿನ ಖಾತೆಯಲ್ಲಿಯೇ ಆಡಬೇಕಾಗುತ್ತದೆ. ತಾಸಿನ ದರ ಮೊದಲಿನಂತೆಯೇ ಇರುತ್ತದೆ.

ಇದಕ್ಕೆ ಕಾರಣವಾದ ಘಟನೆಯನ್ನು ನಾವು ಮುಚ್ಚಿಡುವುದಿಲ್ಲ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ದೀಪಾವಳಿ ಸೂಟಿಯಿಂದಲೂ ರವಿವಾರಕ್ಕೆ ಎರಡು ತಾಸಿನಂತೆ ಕುಳಿತು, ಚೌಕಾಕಾರದ ಬ್ಲಾಕುಗಳನ್ನು ಇಟ್ಟಿಗೆಯಂತೆ ಜೋಡಿಸಿ ಕಟ್ಟುವ ಮೈನ್‌ಕ್ರಾಫ್ಟ್ ಆಟದಲ್ಲಿ ಗೋಲಗುಮ್ಮಟ ಕಟ್ಟುತ್ತಿದ್ದ. ಆ ಆಟದಲ್ಲಿ ಒಂದು ಬ್ಲಾಕ್ ಎಂದರೆ ಒಂದು ಮೀಟರ್. ನಮ್ಮ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್ ಇರುವುದರಿಂದ ಅವನು 44 ಬ್ಲಾಕು ಎಣಿಸಿ ಗುರುತು ಹಾಕಿಕೊಂಡು, ನಾಲ್ಕೂ ಮೂಲೆಯ ಏಳಂತಸ್ತಿನ ಮಿನಾರುಗಳನ್ನು ಮುಗಿಸಿ, ಮೇಲಿನ ಸುತ್ತು ಕೂಡಿಸುವ ಹಂತಕ್ಕೆ ಬಂದಿದ್ದ. ಅದು ಯಾರೋ ಬಿಟ್ಟುಹೋದ ಹಳೆಯ ಆಟವೆಂದು ತಿಳಿದು ಇನ್ನೊಬ್ಬ ಗ್ರಾಹಕರು ಅಳಿಸಿಬಿಟ್ಟರು. ಅವರನ್ನು ದೂರುವಂತಿಲ್ಲ, ಏಕೆಂದರೆ ಎಲ್ಲರಿಗೂ ಒಂದೇ ಖಾತೆ ಇದ್ದಾಗ ಯಾವುದು ಯಾರದೆಂದು ಪರದೆಯ ಮೇಲೆ ತಿಳಿಯುವುದಿಲ್ಲ. ಪ್ರತಿ ತೆಗೆದಿಡದ ತಪ್ಪು ನಮ್ಮದು. ಹುಡುಗ ಮರುವಾರ ಬಂದು ಮತ್ತೆ ಒಂದರಿಂದ ಎಣಿಸತೊಡಗಿದ್ದಾನೆ; ಗುಮ್ಮಟ ಮುಗಿಯುವವರೆಗೆ ಅವನಿಂದ ಹಣ ಪಡೆಯುವುದಿಲ್ಲ.

ಬಾಹ್ಯಾಕಾಶದಲ್ಲಿ ಹೊಸ ಗ್ರಹ ಹುಡುಕುವ ನೋ ಮ್ಯಾನ್ಸ್ ಸ್ಕೈ ಆಟ ಆಡುವವರ ತಕರಾರು ಬೇರೆ. 2016ರಲ್ಲಿ ಬಂದ ಆ ಆಟದಲ್ಲಿ 2ರ 64ನೆಯ ಘಾತದಷ್ಟು ಗ್ರಹಗಳಿದ್ದು, ಮೊದಲು ಕಂಡವರ ಖಾತೆಯ ಹೆಸರು ಗ್ರಹದ ಜೊತೆಗೆ ದಾಖಲಾಗುತ್ತದೆ. ನಮ್ಮಲ್ಲಿ ಯಾರೇ ಕಂಡುಹಿಡಿದರೂ ಅಂಗಡಿಯ ಹೆಸರೇ ಬೀಳುತ್ತಿತ್ತು. ನಮಗದು ಪುಕ್ಕಟೆ ಪ್ರಚಾರ, ಆದರೆ ನ್ಯಾಯವಲ್ಲ.

ಖಾತೆ ತೆರೆಯಲು ಹಣ ಬೇಕಿಲ್ಲ, ಅಂಗಡಿಯಲ್ಲಿರುವ ಗೇಮುಗಳನ್ನು ನೀವು ಮತ್ತೆ ಕೊಳ್ಳಬೇಕಾಗಿಯೂ ಇಲ್ಲ. 18 ವರ್ಷದೊಳಗಿನವರ ಖಾತೆಯನ್ನು ಹಿರಿಯರೊಬ್ಬರ ಖಾತೆಗೆ ಜೋಡಿಸಬೇಕಾಗಿರುವುದರಿಂದ ಪಾಲಕರು ಒಮ್ಮೆ ತಮ್ಮ ಮೊಬೈಲಿನೊಂದಿಗೆ ಬರಬೇಕೆಂದು ವಿನಂತಿ. ಪಾಸ್‌ವರ್ಡನ್ನು ನೀವೇ ಒತ್ತಿರಿ. ನಮ್ಮ ಕೌಂಟರಿನ ಹುಡುಗರಿಗೂ ಹೇಳಬೇಡಿ.

ಒಂದು ಯಂತ್ರದಲ್ಲಿ 16 ಬಳಕೆದಾರರಿಗಷ್ಟೇ ಜಾಗವಿರುವುದರಿಂದ ನಿಮ್ಮ ಯಂತ್ರದ ಸಂಖ್ಯೆಯನ್ನು ಕಾರ್ಡಿನ ಮೇಲೆ ಬರೆದುಕೊಡುತ್ತೇವೆ. ಮೂರು ತಿಂಗಳು ಬಾರದವರ ಹೆಸರನ್ನು ಯಂತ್ರದಿಂದ ತೆಗೆಯಬೇಕಾಗುತ್ತದೆ. ಹೆಸರು ತೆಗೆದರೆ ಉಳಿಸಿದ ಆಟವೂ ಹೋಗುತ್ತದೆ. ಆದಕಾರಣ ಮೊದಲು ಫೋನ್ ಮಾಡಿ ತಿಳಿಸುತ್ತೇವೆ. ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ರೂಪದಲ್ಲಿ (ಪೆನ್‌ಡ್ರೈವಿನಲ್ಲಿ ಕಡತಗಳನ್ನು ಜೋಡಿಸಿಡುವ ಎರಡು ಕ್ರಮಗಳಿವು) ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್ ತಂದರೆ ಉಳಿಸಿದ ಆಟದ ಪ್ರತಿ ತೆಗೆದುಕೊಡುತ್ತೇವೆ. ಅದೇ ಖಾತೆಯಿಂದ ಮನೆಯ ಪ್ಲೇಸ್ಟೇಷನ್ 4ರಲ್ಲಿಯೂ ಆಟವನ್ನು ಮುಂದುವರಿಸಬಹುದು.

ಒಂದು ತೊಡಕು ಮಾತ್ರ ನಮ್ಮ ಕೈಮೀರಿದ್ದು. ಉಳಿಸಿದ ಆಟ ಅದನ್ನು ಉಳಿಸಿದ ಖಾತೆಗೇ ಕಟ್ಟುಬಿದ್ದಿರುವುದರಿಂದ, ಅಂಗಡಿಯ ಖಾತೆಯಲ್ಲಿ ನೀವು ಈಗಾಗಲೇ ಕಟ್ಟಿದ್ದನ್ನು ಹೊಸ ಖಾತೆಗೆ ಸಾಗಿಸಲು ಬರುವುದಿಲ್ಲ. ಹೀಗಾಗಿ 1ನೆಯ ಯಂತ್ರದಲ್ಲಿ ಹಳೆಯ ಖಾತೆಯನ್ನು ಮೇ 31ರವರೆಗೆ ಹಾಗೆಯೇ ಇಡುತ್ತೇವೆ. ಅರ್ಧಕ್ಕೆ ನಿಂತ ಆಟವಿದ್ದವರು ಬೇಸಿಗೆ ಸೂಟಿಯಲ್ಲಿ ಬಂದು ಮುಗಿಸಿಕೊಳ್ಳಬಹುದು. ಆ ಯಂತ್ರಕ್ಕೆ ಪಾಳಿ ಹಚ್ಚುವ ವಹಿ ಕೌಂಟರಿನಲ್ಲಿದೆ.

ಇಂತಿ ತಮ್ಮ ವಿಶ್ವಾಸಿ,
ಅಂಗಡಿಯ ಮಾಲೀಕರು, ವಿಜಯಪುರ