ಅಪ್ಪನಿಗೆ ಓದಿ ಹೇಳು

ಪ್ಯಾರಿಸ್
ಬುಧವಾರ ಬೆಳಿಗ್ಗೆ

ಪ್ರೀತಿಯ ಅಮ್ಮನಿಗೆ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ನಿನ್ನ ಪತ್ರ ಸೋಮವಾರ ಸಿಕ್ಕಿತು. ಫೋನಿನಲ್ಲಿ ಮುಚ್ಚಿಟ್ಟಿದ್ದನ್ನೆಲ್ಲ ಅದರಲ್ಲಿ ಬರೆದಿದ್ದೀಯ. ಅಪ್ಪ ಪೇಪರನ್ನು ಮೂಗಿಗೆ ತಾಗಿಸಿಕೊಂಡು ಓದುತ್ತಾರಂತೆ, ರಾತ್ರಿ ಗಾಡಿಯ ಲೈಟ್ ಕಂಡರೆ ರಸ್ತೆಯಲ್ಲೇ ನಿಂತುಬಿಡುತ್ತಾರಂತೆ. ಆದರೂ ಪೊರೆ ಆಪರೇಷನ್ ಬೇಡವಂತೆ! ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನು ಮುಂದಿನದನ್ನು ಅಪ್ಪನಿಗೆ ಓದಿ ಹೇಳು.

ಅಪ್ಪ, ನೀವು ಹೇಳಿದ ಹಾಗೆ ಹೋದ ಭಾನುವಾರ ಲೂವ್ರ್ ಮ್ಯೂಸಿಯಮ್ಮಿಗೆ ಹೋಗಿದ್ದೆ. ನಮ್ಮ ನಡುಮನೆಯ ಕ್ಯಾಲೆಂಡರಿನ ಮೋನಾಲಿಸಾಳನ್ನು ಕಣ್ಣಾರೆ ನೋಡಿದೆ. ಚಿತ್ರ ಚಿಕ್ಕದು, 77 ಸೆಂಟಿಮೀಟರ್ ಎತ್ತರ, 53 ಅಗಲ, ಅಷ್ಟೇ. ಬಟ್ಟೆಯ ಮೇಲಲ್ಲ, ಪಾಪ್ಲರ್ ಮರದ ಹಲಗೆಯ ಮೇಲೆ ಬರೆದದ್ದು. ಮುಂದೆ ದಪ್ಪ ಗಾಜು, ಅದರ ಮುಂದೆ ನೂರಾರು ಜನ.

ಈ ಚಿತ್ರ ಒಮ್ಮೆ ಕಳುವಾಗಿತ್ತು, ಗೊತ್ತಾ? 1911ರ ಆಗಸ್ಟ್ 21, ಸೋಮವಾರ. ಆಗ ಸೋಮವಾರ ಮ್ಯೂಸಿಯಮ್ಮಿಗೆ ರಜೆ. ಕದ್ದವನು ವಿನ್ಚೆಂಜೊ ಪೆರುಜಾ ಅನ್ನುವ ಇಟಲಿಯವನು, ಹಿಂದೆ ಅಲ್ಲೇ ಚಿತ್ರಗಳಿಗೆ ಗಾಜು ಹಾಕುವ ಕೆಲಸ ಮಾಡಿದ್ದವನು. ಹಲಗೆಯಲ್ವಾ, ಸುತ್ತಿ ಬಗಲಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಹಾಗೇ ಎತ್ತಿಕೊಂಡು ಹೋದ. ಮರುದಿನ ಒಬ್ಬ ಚಿತ್ರಕಾರ ಬಂದು ಕೇಳುವವರೆಗೂ ಕಾವಲಿನವರಿಗೆ ಅನುಮಾನವೇ ಬಂದಿರಲಿಲ್ಲ. ಫೋಟೋ ತೆಗೆಯಲು ಒಯ್ದಿದ್ದಾರೆ ಅಂದುಕೊಂಡಿದ್ದರು. ಪೊಲೀಸರು ಚಿತ್ರಕಾರ ಪಿಕಾಸೋನನ್ನೂ ಕರೆದು ವಿಚಾರಿಸಿದರು. ಅವನ ಸ್ನೇಹಿತ, ಕವಿ ಅಪಾಲಿನೇರ್ ಕೆಲವು ದಿನ ಜೈಲಿನಲ್ಲೇ ಇದ್ದ. ಪೆರುಜಾನನ್ನೂ ಕೇಳಿ ಬಿಟ್ಟುಬಿಟ್ಟರು. ಚಿತ್ರ ಎರಡು ವರ್ಷ ಅವನ ಪೆಟ್ಟಿಗೆಯಲ್ಲೇ ಇತ್ತು!

ನನಗೆ ಮರೆಯಲಾಗದ್ದು ಬೇರೆ. ಮ್ಯೂಸಿಯಂ ಮತ್ತೆ ತೆರೆದಾಗ ಜನ ಖಾಲಿ ಗೋಡೆ ನೋಡಲು ಸಾಲು ನಿಂತರಂತೆ. ಬರೀ ಮೊಳೆಗಳು ಇದ್ದ ಗೋಡೆ. ಅಷ್ಟು ದಿನ ಮೋನಾಲಿಸಾ ಹೆಚ್ಚಾಗಿ ಚಿತ್ರ ಬಲ್ಲವರಿಗಷ್ಟೇ ಗೊತ್ತು. ಕಳುವಾದ ಮೇಲೆ ಪೇಪರುಗಳೆಲ್ಲ ಅವಳ ಮುಖ ಅಚ್ಚು ಹಾಕಿದವು, ಲೋಕಕ್ಕೆಲ್ಲ ಪರಿಚಯವಾದಳು. 1913ರ ಡಿಸೆಂಬರಿನಲ್ಲಿ ಫ್ಲಾರೆನ್ಸಿನಲ್ಲಿ ಮಾರಲು ಹೋದಾಗ ಕಳ್ಳ ಸಿಕ್ಕಿಬಿದ್ದ. ನೆಪೋಲಿಯನ್ ದೋಚಿದ್ದನ್ನು ನಮ್ಮ ದೇಶಕ್ಕೆ ವಾಪಸ್ ತಂದೆ ಅಂದನಂತೆ. ಅದು ತಪ್ಪು. ಚಿತ್ರ ಬರೆದ ಲಿಯೊನಾರ್ಡೊ ತಾನೇ ಫ್ರಾನ್ಸಿಗೆ ತಂದಿದ್ದ.

ಅಪ್ಪ, ತುಟಿಯ ತುದಿಯಲ್ಲಿ ಗೆರೆಯೇ ಇಲ್ಲ, ನೆರಳು ಹೊಗೆಯ ಹಾಗೆ ಕರಗಿದೆ ಅಂತ ನೀವು ಸ್ಲೇಟಿನ ಮೇಲೆ ಬೆರಳಿನಿಂದ ಉಜ್ಜಿ ತೋರಿಸುತ್ತಿದ್ದಿರಿ. ನಿಜ, ಹಾಗೇ ಇದೆ. ಎಲ್ಲರೂ ಫೋನ್ ಎತ್ತಿ ಹಿಡಿದಿದ್ದರು, ನಾನು ಮಾತ್ರ ಆ ತುದಿಯನ್ನೇ ನೋಡುತ್ತಾ ನಿಂತಿದ್ದೆ. ಡ್ರಾಯಿಂಗ್ ಮೇಷ್ಟ್ರ ಮಗಳಲ್ವಾ! ಅದನ್ನು ನೀವು ನೋಡಲೇಬೇಕು. ಮುಂದಿನ ವರ್ಷ ಕರೆಸಿಕೊಳ್ಳುತ್ತೇನೆ. ಅದಕ್ಕೆ ಮೊದಲು ಪೊರೆ ತೆಗೆಸಿಕೊಳ್ಳಿ. ಈಗ ಹಲವು ಕಡೆ ನೋವಾಗದಂತೆ ಕಣ್ಣಿಗೆ ಬರೀ ಡ್ರಾಪ್ಸ್ ಹಾಕಿ ಆಪರೇಷನ್ ಮಾಡುತ್ತಾರೆ, ಅದೇ ದಿನ ಮನೆಗೆ ಬರಬಹುದು. ಹೆದರಬೇಡಿ, ನನ್ನಾಣೆ.

ಅಮ್ಮ, ಮೊದಲು ಅಪ್ಪನ ಶುಗರ್ ಚೆಕ್ ಮಾಡಿಸು. ರಾಜು ಮಾವನ ಅಕೌಂಟಿಗೆ ದುಡ್ಡು ಹಾಕಿದ್ದೇನೆ, ಸರ ಅಡ ಇಡುವ ಮಾತು ಬೇಡ. ನನಗೇನೂ ತೊಂದರೆ ಇಲ್ಲ. ಹೊಟ್ಟೆ ತುಂಬ ಊಟ ಮಾಡುತ್ತೇನೆ, ಸ್ವೆಟರ್ ಹಾಕುತ್ತೇನೆ, ಬೇಗ ಮಲಗುತ್ತೇನೆ.

ಟ್ರೇನಿಗೆ ಹೊತ್ತಾಯ್ತು. ಆಪರೇಷನ್ ತಾರೀಖು ಗೊತ್ತಾದ ತಕ್ಷಣ ಫೋನ್ ಮಾಡು. ಅಜ್ಜಿಗೆ ನಮಸ್ಕಾರ ಹೇಳು.

ನಿನ್ನ
ಪುಟ್ಟಿ